ಸ್ಪಿರುಲಿನಾ ಹಾಕಿದ ಮೇಲೆ ಬ್ರಾಯ್ಲರ್ ಶೆಡ್‌ನಲ್ಲಿ ನೆಲದ ಭತ್ತದ ಹೊಟ್ಟು ಪೂರ್ತಿ ಒದ್ದೆ, ಏನ್ ಮಾಡೋದು?

ಚಿಂತಾಮಣಿ_ಶೆಡ್: 23 ದಿನದ ಬ್ಯಾಚ್, 600 ಕೋಳಿ. ತೊಟ್ಟೀಲಿ ನಾವೇ ಬೆಳೆದ ಸ್ಪಿರುಲಿನಾ ಪಾಚಿ ಪುಡಿ ಫೀಡ್‌ಗೆ ಹಾಕ್ತಿದೀವಿ. ಐದು ದಿನದಿಂದ ಹಿಕ್ಕೆ ನೀರು ನೀರು. ಭತ್ತದ ಹೊಟ್ಟು ಹಿಡಿದರೆ ಮುದ್ದೆ ಕಟ್ಟುತ್ತೆ, ಒಳಗೆ ಕಾಲಿಟ್ಟರೆ ಕಣ್ಣುರಿ. ನೀರು ಕುಡಿಯೋ ನಿಪ್ಪಲ್ ಸೋರ್ತಿಲ್ಲ, ಫೀಡ್ ಕಂಪನಿ ಬದಲಾಯಿಸಿಲ್ಲ. ಸಾಕಾಗಿಹೋಗಿದೆ.

ಮಾಲೂರು_ಬ್ರಾಯ್ಲರ್: ಕಾಕ್ಸಿ, ಅಂದ್ರೆ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ. ಮೂರರಿಂದ ಐದನೇ ವಾರ ಅದರದ್ದೇ ಕಾಲ. ಇವತ್ತೇ ನೀರಿಗೆ ಅದರ ಔಷಧಿ ಆಂಪ್ರೋಲಿಯಂ ಬಿಡಿ.

ತಿಪಟೂರು_ತೊಟ್ಟಿ: ಟನ್‌ಗೆ ಎಷ್ಟು ಪುಡಿ? ಕೊಯ್ದ ಪಾಚಿ ತೊಳೀತೀರಾ?

ಚಿಂತಾಮಣಿ_ಶೆಡ್: ಟನ್‌ಗೆ 30 ಕೆಜಿ. ಬಟ್ಟೇಲಿ ಸೋಸಿ, ಕೈಯಲ್ಲಿ ಹಿಂಡಿ ಒಣಗಿಸ್ತೀವಿ. ತೊಳೀಬೇಕಾ? ಹಿಕ್ಕೇಲಿ ರಕ್ತ ಇಲ್ಲ.

ಮಾಲೂರು_ಬ್ರಾಯ್ಲರ್: ರಕ್ತ ಕಾಣದೆಯೂ ಕಾಕ್ಸಿ ಬರುತ್ತೆ ಸ್ವಾಮಿ. ಸತ್ತ ಕೋಳಿ ಸಿಕ್ಕರೆ ಕರುಳು ಸೀಳಿಸಿ ನೋಡಿ.

ತಿಪಟೂರು_ತೊಟ್ಟಿ: ನೋಡಿಸಲಿ, ತಪ್ಪಿಲ್ಲ. ಆದರೆ ಮೊದಲು ಸೋಡಾ ಲೆಕ್ಕ ಹಾಕಿ. ಸ್ಪಿರುಲಿನಾ ಬೆಳೆಸೋ ತೊಟ್ಟಿ ನೀರಿನಲ್ಲಿ, ಅಂದ್ರೆ ಝರೌಕ್ ಮಾಧ್ಯಮದಲ್ಲಿ, ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ. ಕೈಯಲ್ಲಿ ಹಿಂಡಿದ ಮುದ್ದೇಲಿ ನೂರಕ್ಕೆ 90 ಪಾಲು ನೀರು ಅಂತಿಟ್ಕೊಳ್ಳಿ. ಒಂದು ಕೆಜಿ ಒಣ ಪಾಚಿಗೆ 9 ಲೀಟರ್ ತೊಟ್ಟಿ ನೀರು ಅಂಟಿಕೊಂಡು ಬಂತು, ಅದರಲ್ಲಿ 150 ಗ್ರಾಂ ಸೋಡಾ. ನೀರು ಆರಿಹೋಗುತ್ತೆ, ಸೋಡಾ ಪುಡೀಲೇ ಕೂರುತ್ತೆ. ನಿಮ್ಮ 30 ಕೆಜಿ ಲೆಕ್ಕಕ್ಕೆ ಟನ್ ಫೀಡ್‌ಗೆ ಸುಮಾರು 4.5 ಕೆಜಿ ಸೋಡಾ, ಅದರಿಂದ ಸುಮಾರು ಒಂದು ಕೆಜಿ ಸೋಡಿಯಂ ಹೆಚ್ಚುವರಿ, ಅಂದ್ರೆ 0.1 ಪರ್ಸೆಂಟ್. ಫೀಡಲ್ಲಿ ಆಗಲೇ 0.2 ಆಸುಪಾಸು ಇರುತ್ತೆ. ಕೋಳಿ ನೀರು ಕುಡಿದೇ ಕುಡಿಯುತ್ತೆ. ಒಂದು ಚಮಚ ಪುಡಿ ಲೋಟಕ್ಕೆ ಹಾಕಿ ಅರ್ಧ ನಿಂಬೆಹಣ್ಣು ಹಿಂಡಿ ನೋಡಿ, ಸೋಡಾ ಇದ್ದರೆ ನೊರೆ ಬರುತ್ತೆ.

ಶಿರಾ_ನಾಟಿ: ಇಷ್ಟೆಲ್ಲ ಯಾಕೆ, ಅಜೋಲಾ ಹಾಕಿ. ಅದೂ ಪಾಚೀನೇ.

ತಿಪಟೂರು_ತೊಟ್ಟಿ: ಅಜೋಲಾ ಪಾಚಿ ಅಲ್ಲ, ಜರೀಗಿಡದ ಜಾತಿ. ನಾರು ಜಾಸ್ತಿ.

ಶಿರಾ_ನಾಟಿ: ಹಾಗಂದ್ರೆ ಸ್ಪಿರುಲಿನಾನೂ ಪಾಚಿ ಅಲ್ಲ, ಬ್ಯಾಕ್ಟೀರಿಯಾ!

ಗೌರಿಬಿದನೂರು_ಫೀಡ್: ಅದು ಬೇರೆ ಕಡೆ ಮಾತಾಡಿ. ಚಿಂತಾಮಣಿಯವರೇ, ಬಿಸಿಲು ಅಂತ ಕುಡಿಯೋ ನೀರಿಗೂ ಸೋಡಾ ಬಿಡ್ತಿದೀರಾ? ಬೋರ್ ನೀರು ಉಪ್ಪುಪ್ಪಾ? ಒದ್ದೆ ಹೊಟ್ಟಿಗೆ ಸುಣ್ಣ ಎರಚಬೇಡಿ, ಅಮೋನಿಯಾ ಇನ್ನೂ ಏಳುತ್ತೆ. ಗಡ್ಡೆ ಕಟ್ಟಿದ್ದನ್ನ ಎತ್ತಿಹಾಕಿ ಒಣ ಹೊಟ್ಟು ಹರಡಿ, ಪರದೆ ಎತ್ತಿ ಗಾಳಿ ಬಿಡಿ.

ಚಿಂತಾಮಣಿ_ಶೆಡ್: ನಿಂಬೆ ಹಿಂಡಿದ ತಕ್ಷಣ ಹಸಿರು ನೊರೆ ಲೋಟದ ಅಂಚಿಗೆ ಬಂತು. ಟ್ರೇ ಮೂಲೇಲಿ ಬಿಳಿ ಹಕ್ಕಳೆನೂ ಇದೆ. ನೀರಿಗೆ ಸೋಡಾ ಹೌದು, ಲೀಟರಿಗೆ 2 ಗ್ರಾಂ. ಎಲ್ಲರೂ ಬಿಡ್ತಾರಲ್ಲ ಅಂತ ಬರೀಲಿಲ್ಲ. ಇನ್ನೂ 40 ಕೆಜಿ ಪುಡಿ ಇದೆ, ತೊಳೀಬಹುದಾ?

ತಿಪಟೂರು_ತೊಟ್ಟಿ: ಒಣಗಿದ್ದನ್ನ ತೊಳೆದರೆ ನೀಲಿ ಬಣ್ಣದ ಪ್ರೋಟೀನೂ ನೀರಲ್ಲಿ ಹೋಗುತ್ತೆ. ಬೇಡ. ನೀರಿನ ಸೋಡಾ, ಪುಡಿ ಎರಡೂ ಇವತ್ತೇ ನಿಲ್ಲಿಸಿ. ಹೊಟ್ಟು ಒಣಗಿದ ಮೇಲೆ ಟನ್‌ಗೆ 10 ಕೆಜಿ ಮೀರದಂತೆ ಕೊಡಿ. ಮುಂದಿನ ಕೊಯ್ಲಿಗೆ ಬಟ್ಟೆ ಮೇಲೆಯೇ ಸಿಹಿನೀರು ಎರಡು ಸಲ ಸುರಿದು, ಕಲ್ಲು ಹೇರಿ ಹಿಂಡಿ. ನೆನೆಹಾಕಬೇಡಿ, ಪಾಚಿಯ ಜೀವಕೋಶ ಒಡೆಯುತ್ತೆ. ಶ್ಯಾವಿಗೆ ಹಾಗೆ ಒತ್ತಿ, 60 ಡಿಗ್ರಿ ದಾಟದಂತೆ, ಮುರಿದರೆ ಟಕ್ ಅನ್ನೋವರೆಗೂ ಒಣಗಿಸಿ.

ಗೌರಿಬಿದನೂರು_ಫೀಡ್: ಪೆಲೆಟ್ ಮೇಲೆ ಹಾಗೇ ಎರಚಿದರೆ ಪುಡಿ ಫೀಡರ್ ತಳಕ್ಕೆ ಇಳಿಯುತ್ತೆ. ಸ್ವಲ್ಪ ಸೋಯಾ ಎಣ್ಣೆ ಸವರಿ ಬೆರೆಸಿ.

ಮಾಲೂರು_ಬ್ರಾಯ್ಲರ್: ಸೋಡಾ ಒಪ್ಪಿದೆ. ಕರುಳು ಮಾತ್ರ ನೋಡಿಸಿ.

ಶಿರಾ_ನಾಟಿ: ತಿಪಟೂರಣ್ಣ, ನಿಮ್ಮ ತೊಟ್ಟೀಲಿ ನೀರು ಕಲಕೋ ಪ್ಯಾಡಲ್ ಚಕ್ರ ನಿಮಿಷಕ್ಕೆ ಎಷ್ಟು ಸುತ್ತು? ಆಳ ಎಷ್ಟು?

ತಿಪಟೂರು_ತೊಟ್ಟಿ: ಆಳ 20 ಸೆಂಟಿಮೀಟರ್. ಚಕ್ರಕ್ಕೆ ಬೇರೆ ಚರ್ಚೆ ತೆಗೀರಿ, ಮೋಟಾರ್ ಗೇರು ಎಲ್ಲ ಹಾಕ್ತೀನಿ.