ಪ್ರಶ್ನೋತ್ತರ: ಬಾಟಲ್ ಸುತ್ತ ಕೆತ್ತಿದ ಡಿಸೈನ್‌ನ ಎರಡು ತುದಿ ಸೇರುತ್ತಿಲ್ಲ

ಪ್ರಶ್ನೆ (ಹುಬ್ಬಳ್ಳಿಯಿಂದ): ಸರ್ ನಮಸ್ಕಾರ. ಪೌಡರ್ ಕೋಟಿಂಗ್ ಇರುವ ಸ್ಟೀಲ್ ಬಾಟಲ್ ಮೇಲೆ ಕಸೂತಿಯ ಗೋಪುರದ ಸಾಲು ಸುತ್ತ ಕೆತ್ತುತ್ತಿದ್ದೇನೆ. ಸಿಒ2 ಲೇಸರ್ ಮಷಿನ್, ರೋಲರ್ ರೋಟರಿ (ಬಾಟಲನ್ನು ಚಕ್ರಗಳ ಮೇಲೆ ಮಲಗಿಸಿ ತಿರುಗಿಸುವ ಸಾಧನ), ಲೈಟ್‌ಬರ್ನ್ ಸಾಫ್ಟ್‌ವೇರ್. ಕ್ಯಾಟಲಾಗ್‌ನಲ್ಲಿ ಬಾಟಲ್ ವ್ಯಾಸ 73 ಮಿ.ಮೀ. ಅಂತ ಇತ್ತು. 3.1416 ರಿಂದ ಗುಣಿಸಿ ಡಿಸೈನ್ ಉದ್ದ 229.3 ಇಟ್ಟೆ. ಒಂದು ಸುತ್ತು ಮುಗಿದಾಗ ಸುಮಾರು 4 ಮಿ.ಮೀ. ಖಾಲಿ ಉಳಿಯುತ್ತದೆ. ಜೊತೆಗೆ ಕೊನೆಯ ಗೋಪುರ ಮೊದಲನೆಯದಕ್ಕಿಂತ ಸ್ವಲ್ಪ ಬಾಯಿಯ ಕಡೆಗೆ ಜರುಗಿರುತ್ತದೆ. ರೋಟರಿ ಸೆಟ್ಟಿಂಗ್‌ನಲ್ಲಿ ಯಾವ ಅಂಕಿ ಬದಲಿಸಬೇಕು?

ಉತ್ತರ: ನಮಸ್ಕಾರ ಮೇಡಂ. ಸೆಟ್ಟಿಂಗ್ ಮುಟ್ಟುವ ಮೊದಲು ಜಾಯಿಂಟನ್ನು ಚೆನ್ನಾಗಿ ನೋಡಿ. ಎಲ್ಲಾ ಬಾಟಲ್‌ಗೂ ಗ್ಯಾಪ್ ಒಂದೇ ಅಳತೆಯದಾ? ಹಾಗಿದ್ದರೆ ಅಳತೆ ತಪ್ಪು. ಒಂದರಲ್ಲಿ 4, ಇನ್ನೊಂದರಲ್ಲಿ 1, ಮತ್ತೊಂದರಲ್ಲಿ ಒಂದರ ಮೇಲೊಂದು ಕೂತಿದೆಯಾ? ಆಗ ಬಾಟಲ್ ರೋಲರ್ ಮೇಲೆ ಜಾರುತ್ತಿದೆ. ಉದ್ದಕ್ಕೆ ಜರುಗಿದ್ದರೆ ರೋಟರಿ ನೇರವಾಗಿ ಕೂತಿಲ್ಲ. ಮೂರೂ ಬೇರೆ ಬೇರೆ ತೊಂದರೆ. ಒಂದರ ಔಷಧಿ ಇನ್ನೊಂದಕ್ಕೆ ಹಾಕಿದರೆ ದಿನವಿಡೀ ಅಂಕಿ ಬದಲಿಸುತ್ತಾ ಕೂರಬೇಕಾಗುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಎಲ್ಲದಕ್ಕೂ ಹೆಚ್ಚುಕಮ್ಮಿ 4 ಮಿ.ಮೀ. ಸರ್.

ಉತ್ತರ: ಸರಿ, ಹಾಗಾದರೆ ಅಳತೆಯಿಂದ ಶುರು ಮಾಡೋಣ. ಕ್ಯಾಟಲಾಗ್ ವ್ಯಾಸವನ್ನು ನಂಬಬೇಡಿ. ಅದು ಬರೀ ಸ್ಟೀಲಿನದ್ದಾಗಿರಬಹುದು, ಅದರ ಮೇಲೆ ಕೋಟಿಂಗ್ ದಪ್ಪ ಸೇರುತ್ತದೆ. ವ್ಯಾಸದಲ್ಲಿ 1 ಮಿ.ಮೀ. ವ್ಯತ್ಯಾಸ ಬಂದರೆ ಸುತ್ತಳತೆಯಲ್ಲಿ 3 ಮಿ.ಮೀ.ಗಿಂತ ಜಾಸ್ತಿ ಆಗುತ್ತದೆ. ನಿಮ್ಮ 4 ಮಿ.ಮೀ. ಗ್ಯಾಪ್ ಅಂದರೆ ವ್ಯಾಸ ಸುಮಾರು 1.3 ಕಡಿಮೆ ಬರೆದುಕೊಂಡಿದ್ದೀರಿ ಅಂತ ಅರ್ಥ.

ಒಂದು ಉದ್ದನೆಯ ಪೇಪರ್ ಪಟ್ಟಿ ತೆಗೆದುಕೊಳ್ಳಿ. ಬಾಟಲ್‌ಗೆ ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬಂದ ಜಾಗದಲ್ಲಿ ಬ್ಲೇಡ್ ತುದಿಯಿಂದ ಎರಡೂ ಪದರಕ್ಕೆ ತಾಗುವಂತೆ ಮೆಲ್ಲಗೆ ಚುಚ್ಚಿ. ಪಟ್ಟಿ ಬಿಚ್ಚಿ ಎರಡು ತೂತಿನ ನಡುವೆ ಸ್ಟೀಲ್ ಸ್ಕೇಲ್ ಇಟ್ಟು ಅಳೆಯಿರಿ. ಅದೇ ನಿಮ್ಮ ಸುತ್ತಳತೆ. ವರ್ನಿಯರ್‌ಗಿಂತ ಇದೇ ನನಗೆ ಭರವಸೆ. ಬಾಟಲ್ ಪೂರ್ತಿ ದುಂಡಗಿಲ್ಲದಿದ್ದರೂ ಪೇಪರ್ ಸುತ್ತು ಸರಿಯಾದ ಅಂಕಿಯನ್ನೇ ಕೊಡುತ್ತದೆ.

ಮಷಿನ್ ಸರಿಯಾಗಿ ತಿರುಗಿಸುತ್ತಿದೆಯಾ ಅನ್ನುವುದು ಬೇರೆ ಪರೀಕ್ಷೆ. ಬಾಟಲ್ ಮೇಲೆ ಪೇಪರ್ ಮಾಸ್ಕಿಂಗ್ ಟೇಪ್ ಸುತ್ತ ಅಂಟಿಸಿ. ತಿರುಗುವ ದಿಕ್ಕಿನಲ್ಲಿ 100 ಮಿ.ಮೀ. ಅಂತರ ಬಿಟ್ಟು ಎರಡು ಸಣ್ಣ ಗೆರೆ ಕಡಿಮೆ ಪವರ್‌ನಲ್ಲಿ ಸುಡಿ. ಟೇಪನ್ನು ಎಳೆಯದೆ ನಿಧಾನ ಬಿಡಿಸಿ, ಗಾಜಿನ ಮೇಲೆ ಚಪ್ಪಟೆ ಅಂಟಿಸಿ ಅಳೆಯಿರಿ. 100 ಬಂದರೆ ರೋಟರಿ ಸೆಟ್ಟಿಂಗ್ ಸರಿ ಇದೆ, ಅದನ್ನು ಮುಟ್ಟಬೇಡಿ. 98.5 ಬಂತು ಅಂತಿಟ್ಟುಕೊಳ್ಳಿ. ಈಗ ಹಾಕಿರುವ ರೋಲರ್ ವ್ಯಾಸವನ್ನು 98.5 ರಿಂದ ಗುಣಿಸಿ 100 ರಿಂದ ಭಾಗಿಸಿ, ಬಂದ ಅಂಕಿ ಹಾಕಿ. ರೋಲರ್ ಮೇಲಿನ ರಬ್ಬರ್ ಸವೆದಿದ್ದರೆ ಹೀಗೆ ಬರುತ್ತದೆ.

ಎರಡನ್ನೂ ಬೇರೆ ಬೇರೆ ನೋಡಿಕೊಳ್ಳಿ ಅಂತ ಒತ್ತಿ ಹೇಳಲು ಕಾರಣ ಇದೆ. ಗ್ಯಾಪ್ ಕಂಡ ತಕ್ಷಣ ರೋಲರ್ ಅಂಕಿಯನ್ನು ಬದಲಿಸಿದರೆ ಈ ಬಾಟಲ್‌ಗೆ ತುದಿ ಸೇರುತ್ತದೆ, ನಿಜ. ಆದರೆ ಡಿಸೈನ್ ಸುಮ್ನೆ ಹಿಗ್ಗಿರುತ್ತದೆ, ಮುಂದಿನ ಅಳತೆಯ ಬಾಟಲ್ ಬಂದಾಗ ಮತ್ತೆ ಕೆಡುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಪೇಪರ್ ಸುತ್ತಿ ನೋಡಿದೆ. 233.5 ಬಂತು. ಟೇಪ್ ಮೇಲೆ 100 ಸರಿಯಾಗಿಯೇ ಬಂತು. ಈಗ ಡಿಸೈನನ್ನು 233.5ಕ್ಕೆ ಎಳೆದರೆ ಸಾಕಾ? ಒಂದು ಗೋಪುರಕ್ಕೆ 25 ಮಿ.ಮೀ. ಇದೆ. ಈಗ ಸಾಲಿನ ಕೊನೆಯಲ್ಲಿ ಒಂದು ಗೋಪುರ ತುಂಡಾಗಿ ನಿಲ್ಲುತ್ತಿದೆ.

ಉತ್ತರ: ಬರೀ ಎಳೆಯಬೇಡಿ. ಅಂಚು ಕೂಡಿದರೂ ಗೋಪುರ ಅರ್ಧವೇ ಉಳಿಯುತ್ತದೆ. ಸುತ್ತಳತೆಯಲ್ಲಿ ಮೋಟಿಫ್‌ಗಳು ಪೂರ್ಣ ಸಂಖ್ಯೆಯಲ್ಲಿ ಕೂರಬೇಕು. 233.5 ಅನ್ನು 25 ರಿಂದ ಭಾಗಿಸಿದರೆ 9.34. ಆದ್ದರಿಂದ 9 ಗೋಪುರ ಇಡಿ, ಒಂದೊಂದಕ್ಕೆ 25.94 ಮಿ.ಮೀ. ಅಗಲದ ಜೊತೆ ಎತ್ತರವನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ ಅಲ್ವಾ, ಅದರ ಚೌಕಗಳು ಒಂದು ಕಡೆಗೆ ಮಾತ್ರ ಹಿಗ್ಗಿದರೆ ಕಸೂತಿ ಬಲ್ಲವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಧಾರವಾಡದ ಕಡೆಯ ಗಿರಾಕಿಗಳು ಅದನ್ನು ಬಿಡುವುದಿಲ್ಲ.

ಜಾಯಿಂಟ್ ಎರಡು ಗೋಪುರದ ನಡುವಿನ ಖಾಲಿ ಜಾಗಕ್ಕೆ ಬರುವಂತೆ ಡಿಸೈನ್ ಶುರು ಮಾಡಿ. ಗೋಪುರದ ನಡುವೆಯೇ ಬಂದರೆ ಕೂದಲೆಳೆಯಷ್ಟು ತಪ್ಪೂ ಕಾಣುತ್ತದೆ. ಗೋಪುರದ ಕೆಳಗೆ ಉದ್ದಕ್ಕೂ ಹೋಗುವ ಅಂಚಿನ ಪಟ್ಟಿ ಇದ್ದರೆ ಅದನ್ನು ಮಾತ್ರ ಕೊನೆಯಲ್ಲಿ 0.2 ರಿಂದ 0.3 ಮಿ.ಮೀ. ಜಾಸ್ತಿ ಇಡಿ. ಪೌಡರ್ ಕೋಟಿಂಗ್‌ನಲ್ಲಿ ಒಮ್ಮೆ ಬಣ್ಣ ಹೋದ ಮೇಲೆ ಮತ್ತೊಮ್ಮೆ ಲೇಸರ್ ಹೋದರೂ ಅಲ್ಲಿ ಸುಡಲು ಏನೂ ಇರುವುದಿಲ್ಲ, ಹಾಗಾಗಿ ಕಲೆ ಕಾಣುವುದಿಲ್ಲ.

ಇನ್ನು ಜರುಗುವುದರ ಬಗ್ಗೆ. ಲೇಸರ್ ಬೀಳುವ ಜಾಗ ತೋರಿಸುವ ಕೆಂಪು ಚುಕ್ಕಿಯನ್ನು ಬಾಟಲ್‌ನ ನೆತ್ತಿಗೆ ತನ್ನಿ. ಲೇಸರ್ ಹೆಡ್ಡನ್ನು ಬಾಯಿಯಿಂದ ತಳದವರೆಗೆ ಓಡಿಸಿ. ಚುಕ್ಕಿ ಉದ್ದಕ್ಕೂ ನೆತ್ತಿಯ ಮೇಲೇ ಇರಬೇಕು. ಪಕ್ಕಕ್ಕೆ ಇಳಿದರೆ ರೋಟರಿಯನ್ನು ತಿರುಗಿಸಿ ಸರಿ ಮಾಡಿ, ಆಮೇಲೆ ಬೆಡ್‌ಗೆ ಬಿಗಿಯಿರಿ. ಬಾಟಲ್‌ನ ತಳಕ್ಕೆ ಒಂದು ಬೇರಿಂಗ್ ತಾಗಿಸಿ ತಡೆ ಕೊಡಿ. ತಳದ ನಡುಭಾಗಕ್ಕೆ ತಾಗಿದರೆ ತಿರುಗಲು ಅಡ್ಡಿ ಆಗುವುದಿಲ್ಲ.

ಪ್ರಶ್ನೆ (ದಾವಣಗೆರೆಯಿಂದ): ಅಣ್ಣಾ, ನನ್ನದು ಎರಡನೇ ಥರ. ಗ್ಯಾಪ್ ಒಂದೊಂದು ಬಾಟಲ್‌ಗೆ ಒಂದೊಂದು ರೀತಿ. ಹೊಸ ರಬ್ಬರ್ ರಿಂಗ್ ಹಾಕಿದರೂ ಅಷ್ಟೇ.

ಉತ್ತರ: ಖಾಲಿ ಬಾಟಲ್ ತುಂಬಾ ಹಗುರ ತಮ್ಮಾ, ಹಿಡಿತ ಸಿಗುವುದಿಲ್ಲ. ಒಳಗೆ ಮರಳಿನ ಚೀಲ ಇಡು. ನೀರು ತುಂಬಿಸಿದರೆ ಒಳಗೆ ಅಲುಗಾಡುತ್ತದೆ, ಮರಳೇ ವಾಸಿ. ರೋಲರ್ ಮತ್ತು ಬಾಟಲ್ ಎರಡನ್ನೂ ಸ್ಪಿರಿಟ್ ಹಾಕಿ ಒರೆಸು, ಕೈಯ ಎಣ್ಣೆ ಇದ್ದರೂ ಜಾರುತ್ತದೆ. ರೋಟರಿ ಆಕ್ಸಿಸ್‌ನ ಆಕ್ಸಿಲರೇಷನ್ (ವೇಗ ಏರುವ ದರ) ಕಡಿಮೆ ಮಾಡು.

ಮುಖ್ಯವಾದದ್ದು, ಔಟ್‌ಲೈನ್ ಗೆರೆಯಾಗಿ ಕೆತ್ತುವುದನ್ನು ಬಿಟ್ಟು ಎಲ್ಲವನ್ನೂ ಫಿಲ್‌ನಲ್ಲಿ (ಸಾಲು ಸಾಲಾಗಿ ತುಂಬುತ್ತಾ) ಮಾಡು. ಫಿಲ್‌ನಲ್ಲಿ ಹೆಡ್ ಬಾಟಲ್ ಉದ್ದಕ್ಕೆ ಓಡಾಡುತ್ತದೆ, ಬಾಟಲ್ ಒಂದೇ ದಿಕ್ಕಿಗೆ ಒಂದೊಂದು ಸಾಲಿನಷ್ಟು ತಿರುಗುತ್ತದೆ. ಔಟ್‌ಲೈನ್‌ನಲ್ಲಿ ಬಾಟಲ್ ಹಿಂದೆ ಮುಂದೆ ಜಿಗಿಯುತ್ತದೆ. ಜಾರುವುದು ಅಲ್ಲೇ, ಬೆಲ್ಟಿನ ಸಡಿಲ ಕಾಣುವುದೂ ಅಲ್ಲೇ.

ಪ್ರಶ್ನೆ (ಶಿವಮೊಗ್ಗದಿಂದ): ಮೇಲೆ ಅಗಲ, ಕೆಳಗೆ ಕಿರಿದಾಗಿರುವ ಟಂಬ್ಲರ್ ಇದ್ದರೆ ಯಾವ ಜಾಗದ ಸುತ್ತಳತೆ ಹಾಕಬೇಕು? ಮೇಲೆ 88, ಕೆಳಗೆ 70 ವ್ಯಾಸ.

ಉತ್ತರ: ರೋಲರ್ ರೋಟರಿ ಆದರೆ ತಿರುಗಿಸುವ ಚಕ್ರ ಎಲ್ಲಿ ತಾಗುತ್ತದೆಯೋ ಆ ಜಾಗದ ಸುತ್ತಳತೆ. ಕೆತ್ತುವ ಜಾಗದ್ದಲ್ಲ. ಮೇಲೆ ಸುತ್ತಳತೆ 276, ಕೆಳಗೆ 220. ಚಕ್ರ ತಳದ ಹತ್ತಿರ ತಾಗಿದರೆ 220 ಓಡಿದಾಗಲೇ ಟಂಬ್ಲರ್ ಪೂರ್ತಿ ಒಂದು ಸುತ್ತು ಬಂದಿರುತ್ತದೆ. ನೀವು 276 ಕೊಟ್ಟರೆ ಡಿಸೈನ್ ಮುಗಿಯುವ ಮೊದಲೇ ಶುರುವಿನ ಮೇಲೆ ಹತ್ತುತ್ತದೆ.

ಚಕ್ ರೋಟರಿಯಲ್ಲಿ ಈ ತಲೆನೋವು ಇಲ್ಲ. ಅಲ್ಲಿ ಮೋಟಾರು ವಸ್ತುವನ್ನೇ ಹಿಡಿದು ತಿರುಗಿಸುತ್ತದೆ. ನೀವು ಕೊಟ್ಟ ವ್ಯಾಸ ಮತ್ತು ಡಿಸೈನ್ ಉದ್ದ ಒಂದಕ್ಕೊಂದು ಹೊಂದಿದರೆ ಸಾಕು, ತುದಿ ಸೇರಿಯೇ ಸೇರುತ್ತದೆ. ವ್ಯಾಸ ಸ್ವಲ್ಪ ತಪ್ಪಿದರೂ ಡಿಸೈನ್ ಅಷ್ಟೇ ಪ್ರಮಾಣದಲ್ಲಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಗ್ಯಾಪ್ ಬೀಳುವುದಿಲ್ಲ. ಟಂಬ್ಲರ್ ಕೆಲಸ ಜಾಸ್ತಿ ಇದ್ದರೆ ಚಕ್ ತೆಗೆದುಕೊಳ್ಳಿ ಅಂತಲೇ ನಾನು ಹೇಳುವುದು.

ಎರಡರಲ್ಲೂ ಕಿರಿದಾದ ಕಡೆ ಚಿತ್ರ ಅಡ್ಡಕ್ಕೆ ಒತ್ತಿಕೊಂಡಂತೆ ಬರುತ್ತದೆ. ಬಳ್ಳಿ, ಎಲೆ ಇದ್ದರೆ ಗೊತ್ತಾಗುವುದಿಲ್ಲ. ವೃತ್ತ, ಅಕ್ಷರ ಇದ್ದರೆ ಗೊತ್ತಾಗುತ್ತದೆ. ಅವನ್ನು ಕೆಳಗಡೆ ಅಷ್ಟು ಪ್ರಮಾಣದಲ್ಲಿ ಅಗಲ ಮಾಡಿ ಬರೆದುಕೊಳ್ಳಬೇಕು. ಟಂಬ್ಲರ್‌ನ ಒಂದು ಕಡೆ ಎತ್ತಿ, ಮೇಲಿನ ಗೆರೆ ಲೆನ್ಸ್‌ಗೆ ಸಮವಾಗಿ ಬರುವಂತೆ ಇಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಒಂದು ಕಡೆ ಫೋಕಸ್ ಹೋಗುತ್ತದೆ.

ಪ್ರಶ್ನೆ (ರಾಮನಗರದಿಂದ): ಚನ್ನಪಟ್ಟಣದ ಮರದ ಡಬ್ಬಿಗಳ ಮೇಲೂ ಇದೇ ಲೆಕ್ಕಾನಾ ಸರ್?

ಉತ್ತರ: ಲೆಕ್ಕ ಅದೇ, ಜಾಯಿಂಟ್ ಉಲ್ಟಾ. ಮರದಲ್ಲಿ ಒಂದರ ಮೇಲೊಂದು ಬಂದರೆ ಎರಡು ಸಲ ಸುಟ್ಟು ಕಪ್ಪು ಗೆರೆ ಬೀಳುತ್ತದೆ. ಆದ್ದರಿಂದ ಜಾಸ್ತಿ ಇಡಬೇಡಿ, ಒಂದು ಸಾಲಿನಷ್ಟು ಕಡಿಮೆಯೇ ಇಡಿ. 0.1 ಮಿ.ಮೀ. ಅಂತರದಲ್ಲಿ ಕೆತ್ತುತ್ತಿದ್ದರೆ 0.1 ಕಡಿಮೆ. ಮೇಲೆ ಅರಗು ಹಾಕಿದ್ದರೆ ಪವರ್ ಇಳಿಸಿ ಮೊದಲು ಒಂದು ತುಂಡಿನ ಮೇಲೆ ನೋಡಿ. ಚರಕಿಯ (ಮರ ಕಡೆಯುವ ಯಂತ್ರದ) ಮೇಲೆ ತಿರುಗುವಾಗಿನ ಉಜ್ಜಾಟದ ಬಿಸಿಗೇ ಕರಗಿ ಹತ್ತುವ ಅರಗು ಅದು, ಲೇಸರ್ ಬಿಸಿಗೆ ಅಂಚು ಹರಡಿಕೊಳ್ಳುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): 9 ಗೋಪುರ ಕೂತವು ಸರ್, ಜಾಯಿಂಟ್ ಎಲ್ಲಿದೆ ಅಂತ ಹುಡುಕಬೇಕು! ಮುಂದೆ ಹಿಡಿ ಇರುವ ಮಗ್‌ಗಳ ಆರ್ಡರ್ ಇದೆ. ಅದಕ್ಕೂ ಇದೇ ರೋಟರಿ ಆಗುತ್ತದಾ?

ಉತ್ತರ: ತುಂಬಾ ಸಂತೋಷ ಮೇಡಂ. ಮಗ್‌ಗೆ ರೋಲರ್ ಕಷ್ಟ, ಹಿಡಿ ರೋಲರ್‌ಗೆ ಬಡಿಯುತ್ತದೆ. ಚಕ್ ಬೇಕು. ಹಿಡಿಯ ಎರಡು ಪಕ್ಕ ಹೆಡ್ ತಾಗದಷ್ಟು ಜಾಗ ಬಿಟ್ಟು, ಉಳಿದಷ್ಟಕ್ಕೆ ಪೂರ್ಣ ಸಂಖ್ಯೆಯ ಗೋಪುರ ಕೂರಿಸಿ. ಹಿಡಿಯ ಎದುರು ಬದಿಯನ್ನು ಡಿಸೈನ್‌ನ ನಡುವೆ ಅಂತ ಇಟ್ಟುಕೊಂಡರೆ ಎರಡೂ ಕಡೆ ಸಮ ಬರುತ್ತದೆ. ಲೇಸರ್ ಆಫ್ ಇಟ್ಟು ಒಮ್ಮೆ ಪೂರ್ತಿ ಓಡಿಸಿ, ಹಿಡಿ ಎಲ್ಲೂ ಹೆಡ್‌ಗೆ ತಾಗುವುದಿಲ್ಲ ಅಂತ ಕಣ್ಣಾರೆ ನೋಡಿ. ರೋಟರಿ ಬದಲಿಸುವಾಗ ಮಷಿನ್ ಪೂರ್ತಿ ಆಫ್ ಮಾಡಿಯೇ ಪ್ಲಗ್ ತೆಗೆಯಿರಿ, ಹಾಕಿರಿ. ಆನ್ ಇರುವಾಗ ಮೋಟಾರ್ ವೈರ್ ಕಿತ್ತರೆ ಡ್ರೈವರ್ (ಮೋಟಾರನ್ನು ಓಡಿಸುವ ಸರ್ಕ್ಯೂಟ್) ಸುಟ್ಟುಹೋಗಬಹುದು.