ಸಮಸ್ಯಾಪೂರಣ: ಗರಿಯುಂ ಗುಂಡುಂ

ಸಮಸ್ಯೆ ಕೊಟ್ಟವರು:
ಈ ವಾರ ಕಂದಪದ್ಯ. ನಾಲ್ಕನೆಯ ಪಾದ ನನ್ನದು, ಉಳಿದ ಮೂರು ನಿಮ್ಮವು:

ಗರಿಯುಂ ಗುಂಡುಂ ಸಮಾನವೇಗದೊಳಿಳಿಗುಂ

ಹಕ್ಕಿಯ ಗರಿಯೂ ಕಬ್ಬಿಣದ ಗುಂಡೂ ಒಂದೇ ವೇಗದಲ್ಲಿ ಇಳಿಯುವುದು ಅಸಂಗತ, ಅದನ್ನು ಸಂಗತಗೊಳಿಸಿ. ಪ್ರಾಸಾಕ್ಷರ ರಕಾರ. ಶಕಟರೇಫಕ್ಕೆ (ಹಳಗನ್ನಡದ ಱ) ರಿಯಾಯಿತಿ ಇದೆ, ಆರನೆಯ ಗಣಕ್ಕೆ ಇಲ್ಲ: ಅದು ಲಘು-ಗುರು-ಲಘು ಅಥವಾ ನಾಲ್ಕೂ ಲಘು ಆಗಿರಲೇಬೇಕು.

ಮೊದಲ ಪೂರಣ:

ಮರುತನ ಸುಳಿವಿಲ್ಲದ ಶಶಿ-
ಧರೆಯೊಳ್ ನಿಂದೊರ್ವನೆರಡುಮಂ ಬಿಡೆ ಕರದಿಂ
ತಿರೆಗಿದು ಪುಸಿ ಶಶಿಗೆ ದಿಟಂ
ಗರಿಯುಂ ಗುಂಡುಂ ಸಮಾನವೇಗದೊಳಿಳಿಗುಂ

'ಶಶಿಧರೆ' ಎಂದರೆ ಚಂದ್ರನ ನೆಲ. ಆ 'ಒರ್ವಂ' ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್. 1971ರ ಆಗಸ್ಟ್ 2ರಂದು ಚಂದ್ರನ ಮೇಲೆ ನಿಂತು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಡೇಗೆ ಎಂಬ ಬೇಟೆಹಕ್ಕಿಯ ಗರಿ ಹಿಡಿದು ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅವರ ನೌಕೆಯ ಹೆಸರು ಫಾಲ್ಕನ್, ಅಂದರೆ ಡೇಗೆ; ಗರಿಯ ಆಯ್ಕೆಗೆ ಅದೇ ಕಾರಣ.

ಒಂದು ತಕರಾರು:
'ಶಶಿಧರೆ' ಓದಿದೊಡನೆ ಶಿವನ ಮನೆಯವರು ನೆನಪಾದರು, ಗಗನಯಾತ್ರಿ ನೆನಪಾಗಲಿಲ್ಲ! ಅದಿರಲಿ. ಸ್ಕಾಟ್ ಬಿಟ್ಟದ್ದು ಸುತ್ತಿಗೆ, ಗುಂಡಲ್ಲವಲ್ಲ?

ಮೊದಲ ಪೂರಣದವರು:
ಏನನ್ನು ಬಿಟ್ಟರೂ ಫಲ ಅದೇ ಆದ್ದರಿಂದ ಆ ಸ್ವಾತಂತ್ರ್ಯ ತೆಗೆದುಕೊಂಡೆ. ಸುತ್ತಿಗೆ 1.32 ಕಿಲೋ, ಗರಿ ಸುಮಾರು 30 ಗ್ರಾಂ: 44 ಪಟ್ಟು ವ್ಯತ್ಯಾಸ. ಚಂದ್ರ ಸುತ್ತಿಗೆಯನ್ನು 44 ಪಟ್ಟು ಬಲದಿಂದ ಎಳೆಯುತ್ತಾನೆ, ನಿಜ. ಆದರೆ ಅದನ್ನು ಕದಲಿಸುವುದೂ ಅಷ್ಟೇ ಪಟ್ಟು ಕಷ್ಟ. ಎರಡೂ ವಜಾ ಆಗಿ ಹೋಗುತ್ತವೆ. ಗರಿಯನ್ನು ತೇಲಿಸುವುದು ಗಾಳಿ, ಅದರ ಹಗುರತನವೊಂದೇ ಅಲ್ಲ. 'ಶಶಿಧರೆ'ಯ ತಕರಾರು ಒಪ್ಪಿಕೊಂಡೆ.

ಎರಡನೆಯ ಪೂರಣ:
ಚಂದ್ರನಿಗೆ ಓಡಿಹೋಗುವುದು ಸುಲಭದ ದಾರಿ. ನಾನು ಗಾಳಿಯಿರುವ ನೆಲದಲ್ಲೇ ಬಿಡಿಸುತ್ತೇನೆ:

ಸರಿದೂಗೆ ತೂಕಮಂ ತಡೆ-
ಯೆರಗುವ ವೇಗಂ ವಿವರ್ಧಿಸದೆ ನಿಂದಿರ್ಕುಂ
ಪರಿ ಬೇರಾದೊಡಮಾಗಳ್
ಗರಿಯುಂ ಗುಂಡುಂ ಸಮಾನವೇಗದೊಳಿಳಿಗುಂ

ಬೀಳುವ ವಸ್ತುವಿನ ವೇಗ ಏರಿದಂತೆ ಗಾಳಿಯ ತಡೆಯೂ ಏರುತ್ತದೆ. ತಡೆ ತೂಕಕ್ಕೆ ಸರಿದೂಗಿದ ಕ್ಷಣದಿಂದ ವೇಗ ಹೆಚ್ಚುವುದಿಲ್ಲ. ಗರಿ ಒಂದೆರಡು ಗೇಣಿನಲ್ಲೇ ಆ ಸ್ಥಿತಿ ತಲುಪುತ್ತದೆ. ವಿಮಾನದಿಂದ ಹಾರಿ ಬೋರಲಾಗಿ ಬೀಳುವ ಸಾಹಸಿಗೆ, ಪ್ಯಾರಾಚೂಟ್ ಬಿಚ್ಚುವ ಮೊದಲು, ಆ ವೇಗ ಗಂಟೆಗೆ ಸುಮಾರು 200 ಕಿ.ಮೀ. ನನ್ನ 'ಸಮಾನ' ಒಂದಕ್ಕೊಂದು ಸಮ ಎಂದಲ್ಲ, ಕ್ಷಣದಿಂದ ಕ್ಷಣಕ್ಕೆ ಸಮ ಎಂದು.

ಅದೇ ತಕರಾರಿನವರು:
ಅದಕ್ಕೆ 'ಸಮವೇಗ' ಎನ್ನಬೇಕು. ಪಠ್ಯಪುಸ್ತಕವಾದರೆ 'ಏಕರೂಪ ವೇಗ'. ಜೊತೆಗೆ, ನಿಮ್ಮ ಗುಂಡು ಆ ಸ್ಥಿತಿ ಮುಟ್ಟಲು ಮನೆಯ ಮಹಡಿ ಸಾಲದು. ತುಂಬಾ ಎತ್ತರ ಬೇಕು.

ಎರಡನೆಯ ಪೂರಣದವರು:
ಎತ್ತರ ಎಷ್ಟೆಂದು ಸಮಸ್ಯೆಯಲ್ಲಿ ಹೇಳಿಲ್ಲ. ಆಕಾಶ ನನ್ನದೇ.

ಇನ್ನೊಬ್ಬರು:
ಗರಿ ಎಂದರೆ ತೆಂಗಿನ ಗರಿ ಎಂದು ತೆಗೆದುಕೊಂಡು ಪೂರಣ ಬರೆದಿದ್ದೆ. ಆರನೆಯ ಗಣದಲ್ಲಿ ಗುರುವೆರಡು ಕುಳಿತು ಏಳಲೊಲ್ಲವು. ಪದ್ಯ ಬಿಟ್ಟೆ. ಹಿತ್ತಿಲಲ್ಲಿ ನೋಡಿದ್ದು ಮಾತ್ರ ಹೇಳುತ್ತೇನೆ: ಕಾಯಿ ದಬ್ಬೆಂದು ಮೊದಲು ಬಂತು, ಒಣಗರಿ ಓಲಾಡುತ್ತಾ ಹಿಂದಿನಿಂದ.

ಸಮಸ್ಯೆ ಕೊಟ್ಟವರು:
ನನ್ನ ಮನಸ್ಸಿನಲ್ಲಿದ್ದದ್ದು ಚಂದ್ರನೇ. ಎರಡನೆಯ ಪೂರಣ ನಾನು ಕಾಣದ ಬಾಗಿಲು ತೆರೆಯಿತು. 'ಸಮಾನ'ವನ್ನು ಅದು ಸ್ವಲ್ಪ ಎಳೆದಾಡಿದೆ, ಆದರೆ ಶ್ಲೇಷಕ್ಕೆ ಅಷ್ಟು ಸಲುಗೆ ಹಳೆಯ ಕವಿಗಳೂ ಕೊಟ್ಟಿದ್ದಾರೆ. ಈ ವಾರದ ವೀಳ್ಯ ಅವರಿಗೆ.

ಮುಂದಿನದು, ಪ್ರಾಸಾಕ್ಷರ ಳಕಾರ:

ಮಳೆಯುಂ ಕೂರಂಬಿನಂತೆ ಕೊಲ್ವುದು ದಿಟದಿಂ

ಸುಳಿವು: ದಪ್ಪ ಹನಿ ನಮ್ಮ ತಲೆಗೆ ತಾಗುವುದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ. ಗಾಳಿಯೇ ಇಲ್ಲದೆ ಅದೇ ಹನಿ 2 ಕಿ.ಮೀ. ಎತ್ತರದಿಂದ ಬಿದ್ದಿದ್ದರೆ, ಸೆಕೆಂಡಿಗೆ ಹತ್ತಿರ ಹತ್ತಿರ 200 ಮೀಟರ್.