ಡ್ರಿಲ್ ಸ್ಟ್ರಿಂಗ್ ಸ್ಟಿಕ್-ಸ್ಲಿಪ್ ಮಾದರಿ: ಮೋಟರ್ ಕಡೆ ಎಷ್ಟು ವಿವರ ಬೇಕು?

ತಿರುಗಣಿ:
ಬಾವಿ ಕೊರೆಯುವ ಡ್ರಿಲ್ ಸ್ಟ್ರಿಂಗಿನ (ಪೈಪುಗಳ ಸಾಲಿನ) ಸಿಮ್ಯುಲೇಷನ್ ಮಾಡುತ್ತಿದ್ದೇನೆ: 5 ಇಂಚಿನ ಡ್ರಿಲ್ ಪೈಪ್ 3000 ಮೀಟರ್ (ಒಳವ್ಯಾಸ 108.6 ಮಿ.ಮೀ.), ಕೆಳಗೆ ಆರೂವರೆ ಇಂಚಿನ ಕಾಲರ್ (ದಪ್ಪ, ಭಾರದ ಪೈಪ್) 200 ಮೀಟರ್, ತುದಿಗೆ ಕಲ್ಲು ಕೊರೆಯುವ ಬಿಟ್. ಪೈಪನ್ನು ಒಂದೇ ತಿರುಚು ಸ್ಪ್ರಿಂಗ್ ಎಂದು ಹಿಡಿದಿದ್ದೇನೆ. ಟಾಪ್ ಡ್ರೈವ್ (ಮೇಲಿಂದ ಪೈಪ್ ತಿರುಗಿಸುವ ಮೋಟರ್ ಘಟಕ) ವೇಗ ಸ್ಥಿರವಾಗಿಟ್ಟರೆ ಸ್ಟಿಕ್-ಸ್ಲಿಪ್, ಅಂದರೆ ಬಿಟ್ ಸಿಕ್ಕಿ ನಿಂತು ಮತ್ತೆ ರಭಸದಿಂದ ತಿರುಗುವುದು, ನಿಲ್ಲುವುದೇ ಇಲ್ಲ. ಬಿಟ್ ನಿಂತಾಗಲೆಲ್ಲ ಸಿಮ್ಯುಲೇಷನ್ ತೆವಳುತ್ತದೆ. ಮೋಟರನ್ನೂ ಸೇರಿಸಲೇಬೇಕೇ? ಅದರ ವೇಗ ನಿಯಂತ್ರಕದ ಪಿಐ ಗೇನ್ (ವೇಗದ ದೋಷಕ್ಕೆ ಪಿ, ಆ ದೋಷದ ಒಟ್ಟು ಮೊತ್ತಕ್ಕೆ ಐ) ಎಷ್ಟು?

ಬಿಟ್ಟುಕಲ್ಲು:
ತೆವಳುವುದು ಘರ್ಷಣೆಯಿಂದ. ವೇಗ ಸೊನ್ನೆಯ ಹತ್ತಿರ ಬಂದಾಗ ಘರ್ಷಣೆಯ ದಿಕ್ಕು ಪ್ರತಿ ಹೆಜ್ಜೆಗೂ ಬದಲಾಗಿ, ಸಾಲ್ವರ್ ಹೆಜ್ಜೆಯನ್ನು ಕಿರಿದು ಮಾಡುತ್ತಾ ಹೋಗುತ್ತದೆ. ಕಾರ್ನಾಪ್ ವಿಧಾನ ಹಾಕಿ: ವೇಗ 0.01 ರೇಡಿಯನ್/ಸೆಕೆಂಡಿಗಿಂತ ಕಡಿಮೆಯಿದ್ದು, ಪೈಪಿನ ಟಾರ್ಕ್ ಸ್ಥಿರ ಘರ್ಷಣೆಯನ್ನು ಮೀರದಿದ್ದರೆ ಬಿಟ್ ನಿಂತಿದೆ ಎಂದೇ ಲೆಕ್ಕ. ಘರ್ಷಣೆಯ ದಿಕ್ಕು ನಯವಾಗಿ ಬದಲಾಗುವಂತೆ ಟ್ಯಾನ್-ಹೈಪರ್‌ಬಾಲಿಕ್ ಫಂಕ್ಷನ್ ಬಳಸಿದರೆ ಕೋಡ್ ಸುಲಭ, ಆದರೆ ನಿಂತ ಬಿಟ್ ಮೆಲ್ಲಗೆ ಜರುಗುತ್ತಿರುತ್ತದೆ.

ಟಾರ್ಕ್‌ಮನೆ:
ಮೋಟರ್ ಬೇಕೇ ಬೇಕು. ವೇಗ ಸ್ಥಿರ ಎಂದರೆ ಮೇಲ್ತುದಿ ಗೋಡೆ. ಬಂದ ತಿರುಚು ಅಲೆಯೆಲ್ಲ ಹಾಗೇ ವಾಪಸ್. ನಿಮ್ಮ ಪೈಪಿನ ಬಿಗುವು ಸುಮಾರು 314 ನ್ಯೂಟನ್-ಮೀಟರ್/ರೇಡಿಯನ್. ಕಾಲರಿನ ಜಡತ್ವ 110, ಪೈಪಿನದರ ಮೂರನೇ ಒಂದು ಭಾಗ 93, ಒಟ್ಟು 203 ಕೆ.ಜಿ.-ಮೀ². ಆವರ್ತ 5 ಸೆಕೆಂಡ್. ಇದರ ಮುಂದೆ ಮೋಟರಿನ ಕರೆಂಟ್ ಲೂಪ್ (ಕರೆಂಟ್ ನಿಯಂತ್ರಣ) ಮಿಲಿಸೆಕೆಂಡಿನದು, ಹಾಗಾಗಿ ಮೋಟರಿನ ಇಂಡಕ್ಟೆನ್ಸ್ ಬಿಡಿ, ಟಾರ್ಕ್ ಮಿತಿಯನ್ನು ಮಾತ್ರ ಬಿಡಬೇಡಿ.

ಪೈಪಿನ ಇಂಪೆಡೆನ್ಸ್ (ತಿರುಚು ಅಲೆಯಲ್ಲಿ ಟಾರ್ಕಿಗೂ ಕೋನೀಯ ವೇಗಕ್ಕೂ ಇರುವ ಅನುಪಾತ) ಸುಮಾರು 297 ನ್ಯೂಟನ್-ಮೀಟರ್-ಸೆಕೆಂಡ್. ಪಿ ಗೇನನ್ನು ಅಷ್ಟಕ್ಕೇ ಇಟ್ಟರೆ ಅಲೆ ಪೂರ್ತಿ ಹೀರಿಕೊಂಡರೂ ಮೇಲಿನ ವೇಗ ವಿಪರೀತ ಓಲಾಡುತ್ತದೆ. ಅದರ ನಾಲ್ಕರಷ್ಟು, 1200 ಇಡಿ, ಶೇ. 64 ಶಕ್ತಿ ಹೀರುತ್ತದೆ. ಟಾಪ್ ಡ್ರೈವ್ ಜಡತ್ವ 2000 ಆದರೆ ಐ ಗೇನ್ 3100: ಕೋನೀಯ ಆವೃತ್ತಿ 1.24ರ ವರ್ಗ ಗುಣಿಸು ಜಡತ್ವ. ಇವೆಲ್ಲ ಪೈಪಿನ ಕಡೆಯ ಅಂಕಿ. ಗೇರ್ 10:1 ಇದ್ದರೆ ಮೋಟರ್ ಶಾಫ್ಟಿಗೆ 100ರಿಂದ ಭಾಗಿಸಬೇಕು. ಬಹಳ ಮಾದರಿಗಳು ಕೆಡುವುದು ಇಲ್ಲೇ.

ತಿರುಗಣಿ:
ಸ್ಟಿಕ್-ಸ್ಲಿಪ್ ಹೋಯಿತು, ಧನ್ಯವಾದ ಸರ್. ಆದರೆ ಪೈಪನ್ನು 20 ತುಂಡು ಮಾಡಿದರೆ 0.63 ಹರ್ಟ್ಸಿನಲ್ಲಿ ನಡುಕ ಉಳಿಯುತ್ತಿದೆ.

ಟಾರ್ಕ್‌ಮನೆ:
ಅದು ಎರಡನೇ ಮೋಡ್ (ಪೈಪಿನ ಎರಡನೇ ಸಹಜ ಕಂಪನ). ಒಂದು ಸ್ಪ್ರಿಂಗಿನ ಮಾದರಿಗೆ ಕಾಣುವುದೇ ಇಲ್ಲ. ಐ ಗೇನ್ ಜಡತ್ವವನ್ನು ಅಳಿಸುವುದು ಮೊದಲ ಮೋಡಿನಲ್ಲಿ ಮಾತ್ರ. 0.63 ಹರ್ಟ್ಸಿನಲ್ಲಿ ಸುಮಾರು 7100ರಷ್ಟು ಜಡತ್ವದ ಇಂಪೆಡೆನ್ಸ್ ಉಳಿದು, ಮೇಲ್ತುದಿ ಮತ್ತೆ ಗೋಡೆಯಾಗುತ್ತದೆ. ಅಳೆದ ವೇಗೋತ್ಕರ್ಷಕ್ಕೆ ತಕ್ಕಂತೆ ಟಾರ್ಕ್ ಸೇರಿಸಿ ಜಡತ್ವ ಅರ್ಧ ಇದ್ದಂತೆ ತೋರುವ ಹಾಗೆ ಮಾಡಿ, ಐ ಗೇನನ್ನೂ ಅರ್ಧಕ್ಕಿಳಿಸಿ. ವೇಗದ ಫಿಲ್ಟರಿನ ವಿಳಂಬ ಮಾದರಿಯಲ್ಲಿರಲಿ: 100 ಮಿಲಿಸೆಕೆಂಡ್ ಇದ್ದರೂ ಈ ಆವೃತ್ತಿಗೆ 23 ಡಿಗ್ರಿ ಫೇಸ್ ಹಿಂದೆ ಬೀಳುತ್ತದೆ.